ಸೇಡಂ ದಾಟ್ಯಾಳ ಅಂದೆ

ಆಗ ನನಗ ಅರವತ್ತೊಂದು. ಅದಾಗಿ ಈಗ ಒಂಬತ್ತು ವರ್ಷ. ಬ್ಯಾಸಗಿ ದಿನ ಇತ್ತು. ನನ್ನ ಗಂಡ ಮುಂಜಾನಿ ಎದ್ದು, ಮಾರಿ ತೊಳಕೊಂಡು, ಹೊರಸಿನ ಮ್ಯಾಲ ಕುಂತು ನೀರು ಬೇಡಿದ. ನಾ ಚರಿಗಿ ತುಂಬಕೊಂಡು ಬರೋದ್ರೊಳಗ ತಲಿ ಗೋಡಿಗೆ ಆನಿಸಿಬಿಟ್ಟಿದ್ದ. ಕಣ್ಣು ತೆರದೇ ಇದ್ದುವು. ಚರಿಗಿ ಕೆಳಗಿಟ್ಟು ಕಣ್ಣು ಮುಚ್ಚಿದೆ. ಆಮ್ಯಾಲ ಆ ನೀರು ನಾನೇ ಕುಡದೆ. ಬಾಯಿ ಒಣಗಿತ್ತು.

ಅತ್ತೇನು ಅಂತ ಕೇಳ್ತಾರ. ಇಲ್ಲ. ಅಳು ಬರಲಿಲ್ಲ. ಕೈಕಾಲು ಬ್ಯಾರೆ ಯಾರವೋ ಅನಿಸ್ತಿತ್ತು, ಅಷ್ಟೇ. ಆ ದಿನ ಪೂರಾ ಹಂಗೇ ಇತ್ತು.

ನಮ್ಮೂರು ಸೇಡಮ್ಮಿಂದ ಚಿಂಚೋಳಿಗೆ ಹೋಗೋ ರಸ್ತಾ ಬಿಟ್ಟು ಜರಾ ಒಳಗ ಅದ. ನನ್ನ ಗಂಡ ಚಂದ್ರಂಪಳ್ಳಿ ಕೆರಿ ಕಾಲುವಿ ಮ್ಯಾಲ ನೀರು ಬಿಡೋ ಕೆಲಸ ಮಾಡಿ ಮಾಡಿ ಮುದುಕ ಆದಂವ. ಒಂದಿಷ್ಟು ಹೊಲ ಇತ್ತು, ತೊಗರಿ ಹಾಕ್ತಿದ್ವಿ. ಮಕ್ಕಳಿಲ್ಲ. ಅಂವನ ಮಾತೆಲ್ಲ ನೀರಿನ ಮಾತು. “ಆ ಹೊಲ ಎಷ್ಟು ದೂರ ಅದರಿ?” ಅಂತ ಯಾರಾರ ಕೇಳಿದ್ರ, “ಮುಂಜಾನಿ ಬಿಟ್ರ ಊಟದ ಹೊತ್ತಿಗೆ ಮುಟ್ತದ” ಅಂತಿದ್ದ. ಕೇಳಿದಂವ ಹೊಸಬ ಇದ್ರ ಗಾಬರಿ ಆಗ್ತಿದ್ದ.

“ಏನ್ರಿ, ನಡದ್ರ ಇಷ್ಟೊತ್ತು ಹಿಡೀತದ?”

“ನಡದ್ರ ಅಲ್ಲೋ ಮಾರಾಯಾ, ನೀರು. ನೀ ನೀರಿಗಿಂತ ಜೋರು ನಡೀತಿ.”

ನಮ್ಮ ಕಡಿ ಎಲ್ಲರೂ ಹಂಗೇ. ದೂರ ಕೇಳಿದ್ರ ಹೊತ್ತು ಹೇಳ್ತಾರ, ಹೊತ್ತು ಕೇಳಿದ್ರ ದೂರ ಹೇಳ್ತಾರ. ನಮ್ಮವ್ವ “ಒಂದು ಬುತ್ತಿ ದೂರ” ಅಂತಿದ್ದಳು. ನಡುವ ಒಮ್ಮಿ ಗಿಡದ ಕೆಳಗ ಕುಂತು ರೊಟ್ಟಿ ಬುತ್ತಿ ಬಿಚ್ಚಬೇಕು, ಅಷ್ಟು ದೂರ ಅಂತ. ನನ್ನ ಲಗ್ನದ ಮಾತು ಬಂದಾಗ, ಒಂದು ಬುತ್ತಿಗಿಂತ ಆಚಿ ಹುಡುಗೀನ ಕೊಡಂಗಿಲ್ಲ ಅಂತ ಹಟ ಹಿಡದಿದ್ದಳಂತ. ಹೊತ್ತೆಷ್ಟಾತು ಅಂದ್ರ ಕೈ ಮುಂದ ಚಾಚಿ “ಸೂರ್ಯ ಇನ್ನೂ ಒಂದು ಮಾರು ಅದಾನ” ಅಂತಿದ್ದಳು. ಸೂರ್ಯನ್ನೂ ಅರಬಿ ಅಳದಂಗ ಅಳೀತಿದ್ದಳು.

ಭಾಳ ದೂರ ಇದ್ದಿದ್ದಕ್ಕ ಆಕಿ ಹತ್ರ ಬ್ಯಾರೆ ಮಾತಿರಲಿಲ್ಲ. ದೂರ ಅನ್ನೋದನ್ನೇ ಎಳೀತಿದ್ದಳು. ಗದ್ದ ಎತ್ತಿ, ಕಣ್ಣು ಸಣ್ಣ ಮಾಡಿ, “ದೂ...ರ”. ಚಿತ್ತಾಪುರಕ್ಕ ಇಷ್ಟು ಎಳದ್ರ ವಾಡಿಗೆ ಇನ್ನಷ್ಟು. ಹಳೀ ಕಾಲದ ಸುದ್ದಿಗೂ ಅದೇ ರಾಗ. “ರಜಾಕಾರರ ಟೈಮಿನಾಗ, ಅವಾ...ಗ”. ಉಸರು ಮುಗಿಯೋ ತನಕ ಎಳದ್ರ ಅದು ನಮ್ಮಜ್ಜನ ಕಾಲದ್ದು ಅಂತ ನಾವು ತಿಳಕೋಬೇಕು. ನಡುವ ಕೆಮ್ಮು ಬಂದ್ರ ಕಾಲ ಗಿಡ್ಡ ಆಗ್ತಿತ್ತು.

ಸಾಲಿಗೆ ನಾ ಮೂರು ವರ್ಷ ಹೋಗೀನಿ. ಮೈಲು, ಕಿಲೋಮೀಟರು ಎಲ್ಲಾ ಕಲಸಿದ್ರು. ಅವು ಬರೇ ಕಲ್ಲಿನ ಮ್ಯಾಲ ಬರಿಲಿಕ್ಕೆ. ವಾಡಿದಾಗ ರೈಲು ಹತ್ತಿ ಮಕ್ಕೊಂಡ್ರ ಕಣ್ಣು ಬಿಡೋದ್ರಾಗ ಮುಂಬೈ. ನಮ್ಮೂರಿಂದ ಶಹಾಬಾದಿಗೆ ಹೋಗಬೇಕಂದ್ರ ರಸ್ತಾ ತನಕ ನಡಿಬೇಕು, ಟಂಟಂ ಆಟೋ ಹಿಡಿಬೇಕು, ಸೇಡಮ್ಮಿನಾಗ ಬಸ್ಸಿಗೆ ಕಾಯಬೇಕು, ಇಳಿಬೇಕು, ಮತ್ತ ಹತ್ತಬೇಕು. ಅದಕ್ಕ ನಮ್ಮ ಲೆಕ್ಕದಾಗ ಮುಂಬೈ ಇಲ್ಲೇ ಅದ, ಶಹಾಬಾದ ದೂರ ಅದ.

ಮತ್ತೊಂದು ಮಾತು ಹೇಳಬೇಕು. ಮನಿ ಬಿಟ್ಟು ಹೊಂಟವ್ರಿಗೆ “ಎಲ್ಲಿಗೆ” ಅಂತ ನಾವು ಕೇಳಂಗಿಲ್ಲ. ಅಪಶಕುನ. “ದೂರೇನ್ರಿ?” ಅಂತ ಕೇಳಬೇಕು. ಅವರು ಕಾಶಿಗೆ ಹೊಂಟಿದ್ರೂ “ಇಲ್ಲೇ” ಅನ್ನಬೇಕು. ದಾರ್ಯಾಗ ಇದ್ದವ್ರಿಗೆ ಎಲ್ಲಿ ಬಂದ್ರಿ ಅಂತ ಕೇಳಿದ್ರ, ಇನ್ನೂ ಚಪ್ಪಲಿ ಮೆಟ್ಟಿರದಿದ್ರೂ “ಬಂದೇ ಬಿಟ್ಟೀವಿ” ಅನ್ನಬೇಕು. ಸತ್ತ ಸುದ್ದಿ ಹೇಳೋವಾಗ ಸತ್ತಾನ ಅನ್ನಂಗಿಲ್ಲ. “ಭಾಳ ಸೀರಿಯಸ್ ಅದಾನ, ಲಗೂ ಬರ್ರಿ” ಅಂತಾರ. ಬರೇ ಸೀರಿಯಸ್ ಅಂದ್ರ ಜೀವ ಅದ. ಲಗೂ ಬರ್ರಿ ಅಂತ ಕೂಡಿಸಿದ್ರ ಇಲ್ಲ. ಕೇಳಿದವ್ರಿಗೆ ತಿಳೀತದ, ಅಳ್ಕೋತ ಹೊಂಡ್ತಾರ. ಹೇಳಿದವ್ರ ಬಾಯಿಗೆ ಆ ಮಾತು ಹತ್ತಂಗಿಲ್ಲ. ಇದಕ್ಕ ಸುಳ್ಳು ಅಂತ ನಮ್ಮೂರಾಗ ಯಾರೂ ಅನ್ನೋದಿಲ್ಲ.

ನನ್ನ ಗಂಡಗ ಒಬ್ಬಾಕಿ ಅಕ್ಕ. ಮನ್ಯಾಗ ದೊಡ್ಡಕ್ಕ ಅಂತಿದ್ವಿ. ಶಹಾಬಾದಿಗೆ ಕೊಟ್ಟಿದ್ರು. ಗಂಡ ಫರ್ಸಿ ಕಲ್ಲು ಪಾಲಿಶ್ ಮಾಡೋ ಜಾಗಾದಾಗ ದುಡದು ಎಂದೋ ಸತ್ತಿದ್ದ. ಅದರ ಬಾಜುನೇ ಒಂದು ಖೋಲಿದಾಗ ಒಬ್ಬಾಕಿನೇ ಇರ್ತಿದ್ದಳು. ಯಾವಾಗ ಬಂದ್ರೂ ಕೂದಲದಾಗ ಕಲ್ಲಿನ ಪುಡಿ. ಝಾಡಿಸಿದ್ರೂ ಹೋಗ್ತಿರಲಿಲ್ಲ. ಅವರವ್ವ ಈ ತಮ್ಮನ್ನ ಹಡದು ಸತ್ತಿದ್ದಳು. ದೊಡ್ಡಕ್ಕನೇ ಬಗಲಾಗ ಹೊತ್ತು, ಹಿಟ್ಟು ಕಲಸಿ ನೆಕ್ಕಿಸಿ ಬೆಳಸಿದಾಕಿ. ನನಗೂ ಆಕಿಗೂ ಪ್ರೀತಿ ಅಂತ ಏನಿರಲಿಲ್ಲ. ಜಗಳಾನೂ ಇರಲಿಲ್ಲ. ಬಂದಾಗೊಮ್ಮಿ ನನ್ನ ಸಾರಿಗೆ ಉಪ್ಪು ಕಡಿಮಿ ಅಂತಿದ್ದಳು. ಹಾಕ್ಕೋ ಅಂತಿದ್ದೆ.

ಆಕಿ ಒಂದು ಮಾತು ಮಾತ್ರ ಬಂದಾಗೆಲ್ಲ ಹೇಳಿ ಹೋಗ್ತಿದ್ದಳು. “ನಾ ಮೊದಲ ಹೋದ್ರ ಅಂವ ಬಂದ್ರ ಬರಲಿ, ಬಿಟ್ರ ಬಿಡಲಿ. ಅಂವ ಮೊದಲ ಹೋದ್ರ ನನಗ ಮಾರಿ ತೋರಸದ ಮುಚ್ಚಬ್ಯಾಡ್ರಿ. ಆ ಮಾರಿ ನಾ ತೊಳದಿದ್ದು.” ನನ್ನ ಗಂಡ ನಗ್ತಿದ್ದ. “ಆತು ಬಿಡು, ಹೋಗೋ ಮುಂದ ಫೋನ್ ಮಾಡಿ ಕೇಳ್ತೀನಿ, ಅಕ್ಕಾ ಹೋಗಲೇನು ಅಂತ.”

ಅದಕ್ಕ ಅವತ್ತ ಮುಂಜಾನಿ ಮಂದಿ ಕೂಡಿದ ಕೂಡ್ಲೇ ನಾ ಹೇಳಿದ ಮೊದಲನೇ ಮಾತು, “ದೊಡ್ಡಕ್ಕಗ ತಿಳಸ್ರಿ. ಆಕಿ ಬರೋ ತನಕ ಎತ್ತಬ್ಯಾಡ್ರಿ.”

ತಿಳಸಿದಂವ ನನ್ನ ಮೈದುನ. ನನ್ನ ಗಂಡನ ಕಾಕಾನ ಮಗ. ಮನಸ್ಯಾ ಛಲೋ, ಬಾಯಿ ಉದ್ದ. ಅಂಗಳದಾಗ ನಿಂತು ಇಡೀ ಊರಿಗೆ ಕೇಳೋಹಂಗ ಫೋನಿನಾಗ ಒದರಿದ. “ಅಕ್ಕಾ, ತಮ್ಮ ಭಾಳ ಸೀರಿಯಸ್ ಅದಾನ. ಲಗೂ ಬಾ.” ಆಮ್ಯಾಲ ಬಣಿವಿ ಕಡಿ ತಿರುಗಿ ದನಿ ಸಣ್ಣ ಮಾಡಿ ಇನ್ನೂ ಏನೋ ಅಂದ. ನಾ ಕೇಳಿಸಿಕೊಳ್ಳಲಿಲ್ಲ. ಹೆಂಗಸರು ನನ್ನ ಕೈ ಹಿಡದು ಒಳಗ ಕುಂದ್ರಿಸಿದ್ರು.

ಜಳಕ ಮಾಡಿಸಿ, ಈಬತ್ತಿ ಬಡದು, ಹೊಸ ಧೋತರ ಸುತ್ತಿ, ನಮ್ಮ ಪದ್ಧತಿ ಪ್ರಕಾರ ಅಂವನ್ನ ಪಡಸಾಲಿದಾಗ ಗೋಡಿಗೆ ಕುಂದ್ರಿಸಿದ್ರು. ತಲಿ ವಾಲಬಾರದಂತ ಹಣಿಗೆ ಒಂದು ಅರಬಿ ಕಟ್ಟಿ ಮ್ಯಾಲಿನ ಗೂಟಕ್ಕ ಬಿಗದ್ರು. ಭಜನಿಯವರು ಬಂದು ಕುಂತ್ರು. ಹೊಲದ ಬದುವಿಗೆ ಕುಣಿ ತೋಡ್ಲಿಕ್ಕೆ ನಾಕು ಮಂದಿ ಹೋದ್ರು. ಅಯ್ಯನೋರು ಬಂದು, ಒಮ್ಮಿ ಅಂವನ್ನ ನೋಡಿ, ಒಮ್ಮಿ ಬಿಸಲು ನೋಡಿ, “ಯಾರ್ಯಾರು ಬರೋದದ?” ಅಂದ್ರು.

“ಶಹಾಬಾದಿಂದ ಅಕ್ಕ ಒಬ್ಬಾಕಿ” ಅಂದ ಮೈದುನ.

“ಶಹಾಬಾದ ಅಂದ್ರ ಇಲ್ಲೇ. ಬರ್ಲಿ.”

ಅಯ್ಯನೋರಿಗೆ ಮೋಟರ್‌ಸೈಕಲ್ ಇತ್ತು.

ಊಟದ ಹೊತ್ತಿಗೆ ಮೈದುನ ಮತ್ತ ಫೋನ್ ಮಾಡಿದ. “ದಾರ್ಯಾಗ ಅದಾಳಂತ” ಅಂತ ಎಲ್ಲರಿಗೂ ಹೇಳಿದ. ಎಲ್ಲರೂ ಗೋಣು ಹಾಕಿದ್ರು. ಬಾಜು ಮನಿ ಮುದುಕಿ ನನ್ನ ಬಗಲಾಗೇ ಕುಂತಿದ್ದಳು, ತನ್ನ ಸೆರಗಿಲೆ ನನಗ ಗಾಳಿ ಬೀಸ್ಕೋತ. ಗಾಳಿ ನನಗ ಬರ್ತಿರಲಿಲ್ಲ, ಆಕಿಗೇ ಹೋಗ್ತಿತ್ತು.

“ದಾರ್ಯಾಗ ಅಂದ್ರ ಎಲ್ಲೇ?” ಅಂತ ನನ್ನ ಕೇಳಿದ್ಲು.

“ನನಗೇನು ಗೊತ್ತು.”

“ನನ್ನ ಅಳಿಯಾನೂ ಹಂಗೇ ಅಂತಾನ. ದಾರ್ಯಾಗ ಅದೀನಿ ಅತ್ತಿ ಅಂತಾನ. ಮಗಳು ಹೇಳ್ತಾಳ, ಇನ್ನೂ ಗಡ್ಡ ಮಾಡಕೋಲಿಕತ್ತಾನ ಅಂತ.”

ಇಬ್ಬರು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಮ್ಯಾಲ ನೆನಪಾಗಿ ಸುಮ್ಮನಾದ್ರು.

ಸೆಕಿ ಏರಿತ್ತು. ಕರೆಂಟು ಇರಲಿಲ್ಲ. ಪಡಸಾಲಿದಾಗ ಊದುಬತ್ತಿ ಮ್ಯಾಲ ಊದುಬತ್ತಿ ಹಚ್ಚಲಿಕತ್ತಿದ್ರು. ಯಾಕಂತ ಎಲ್ಲರಿಗೂ ಗೊತ್ತಿತ್ತು. ಒಬ್ಬಂವ, “ಸೇಡಮ್ಮಿಂದ ಐಸ್ ಪೆಟಗಿ ತರಸಿದ್ರ ಹ್ಯಾಂಗ್ರಿ” ಅಂದ. ಭಜನಿ ಮುದುಕ ತಾಳ ಕೆಳಗಿಟ್ಟು, “ಪೆಟಗಿ ಉದ್ದ ಇರ್ತದ ತಮ್ಮಾ. ಇಂವ ಕುಂತಾನ. ಕುಂತಂವ ಹ್ಯಾಂಗ ಹಿಡಸ್ತಾನ? ಮುಚ್ಚಳ ನಿನ್ನ ತಲಿ ಮ್ಯಾಲ ಇಡೋಣೇನು?” ಅಂದ. ಐಸ್ ಪೆಟಗಿ ಮಾತು ಅಲ್ಲಿಗೆ ಮುಗೀತು.

ನನ್ನ ಹತ್ರ ಒಂದು ಡಬ್ಬಿ ಫೋನು ಇತ್ತು. ಉಡಿಯಾಗ ಇಟ್ಟುಕೊಂಡಿದ್ದೆ. ಅದು ಹೊಡಕೊಂಡಾಗ ಸೂರ್ಯ ಪಡಸಾಲಿ ಹೊಸ್ತಿಲಾ ದಾಟಿ ಒಳಗ ಬಂದಿದ್ದ. ದೊಡ್ಡಕ್ಕ.

“ಎಲ್ಲಿ ಬಂದೀರೇ? ನಾ ಇಲ್ಲಿ ಕುಂತು ಕುಂತು ಕಾಲು ಹಿಡದುವು.”

“ಎಲ್ಲಿ ಕುಂತಿ?” ಅಂದೆ.

“ಎಲ್ಲೇನು? ಕಲಬುರಗಿ. ದೊಡ್ಡ ದವಾಖಾನಿ ಬಾಗಲದಾಗ. ನೀವು ಬರೋ ಗಾಡಿ ಒಂದೂ ಕಾಣವಲ್ದು. ಒಳಗ ಹೋಗಿ ಕೇಳಿದ್ರ ಅಂಥಾ ಪೇಷಂಟ್ ಬಂದಿಲ್ಲ ಅಂತಾರ. ಅಂವಗ ಮಾತು ಬರ್ತಾವೇನು? ಜರಾ ಫೋನು ಅಂವನ ಕಿವಿಗಿಡು.”

ನಾ ಎದ್ದು ಹಿತ್ತಲಿಗೆ ಹೋದೆ. ಎಮ್ಮಿ ಕಟ್ಟೋ ಜಾಗಾದಾಗ ನಿಂತೆ. ಮೈದುನ ಬಣಿವಿ ಕಡಿ ತಿರುಗಿ ಏನಂದಿದ್ದ ಅನ್ನೋದು ಆಗ ತಿಳೀತು. ಲಗೂ ಬಾ ಅಂದ್ರ ಸಾಕಿತ್ತು. ಅಂವ ಕಲಬುರಗಿಗೆ ಒಯ್ಲಿಕತ್ತೀವಿ ಅಂತ ಒಂದು ಜಾಸ್ತಿ ಹಚ್ಚಿದ್ದ. ಶಹಾಬಾದಿಗೆ ಕಲಬುರಗಿ ಮಗ್ಗಲಾಗೇ ಅದ. ಆಕಿ ಸೀದಾ ಅಲ್ಲಿಗೆ ಹೋಗಿ ಕುಂತಾಳ. ನಾವು ಇಲ್ಲಿ ಕುಂತೀವಿ. ಅಂವ ಗೂಟಕ್ಕ ಕುಂತಾನ.

ನಾನೂ ಏನಾರ ಅನ್ನಬಹುದಿತ್ತು. ಹೊಂಟೀವಿ, ಬರ್ತೀವಿ, ನೀನೇ ಈ ಕಡಿ ಬಾ ಅಂತ. ಬಾಯಿಗೆ ಬರಲಿಲ್ಲ. ಆಕಿ ಫೋನು ಕಿವಿಗಿಡು ಅಂದಿದ್ದಳು.

“ಸತ್ತಾನ” ಅಂದೆ.

ಆ ಕಡಿಂದ ಗಾಡಿ ಹಾರ್ನು, ಮಂದಿ ಗದ್ದಲ ಕೇಳಸ್ತಿತ್ತು.

“ಯಾವಾಗ?”

“ಮುಂಜಾನಿ.”

“ನಿನ್ನ ಮೈದುನ ನನಗ ಫೋನ್ ಮಾಡಿದಾಗ?”

“ಅದಕ್ಕೂ ಮೊದಲ.”

ಮತ್ತ ಹಾರ್ನು. “ಮಾರಿ ಮುಚ್ಚೀರೇನು?”

“ಇಲ್ಲ. ಕುಂದ್ರಿಸೀವಿ.”

“ಕಾಯ್ತೀರಿ?”

“ಕಾಯ್ತೀವಿ. ಬಾ.”

ಒಳಗ ಬಂದು ಮೈದುನನ್ನ ಕರದೆ. ಹಿತ್ತಲಿಗೆ ಬಂದ. ಹೇಳಿದೆ. ಮಾರಿ ಬೂದಿ ಆತು ಅಂವಂದು.

“ವೈನಿ, ಆಕಿ ಒಬ್ಬಾಕಿ ಅದಾಳ. ಖೋಲಿದಾಗ ಬಿದ್ದು ಹೊಳ್ಳಾಡಿದ್ರ ನೀರು ಕೊಡೋರು ದಿಕ್ಕಿಲ್ಲ. ಜೀವ ಅದ ಅಂತ ನಂಬಲಿ, ಧೈರ್ಯಲೆ ಎದ್ದು ಹೊಂಡಲಿ ಅಂತ ಅಂದೆ. ಹೊಂಟ ಮ್ಯಾಲ ದಾರ್ಯಾಗ ತಿರಗಿಸಿದ್ರಾತು ಅಂದಿದ್ದೆ.”

“ಮಧ್ಯಾಹ್ನ ಫೋನ್ ಮಾಡಿದಾಗ ಯಾಕ ತಿರಗಿಸಲಿಲ್ಲ?”

“ದಾರ್ಯಾಗ ಅದೀನಿ ಅಂದ್ಲು. ಯಾವ ದಾರಿ ಅಂತ ನಾ ಹ್ಯಾಂಗ ಕೇಳ್ಲಿ? ಹೊಂಟವ್ರಿಗೆ ಎಲ್ಲಿಗೆ ಅಂತ ಕೇಳಬಾರದು.”

ಅದೂ ಖರೇನೇ. “ಮಂದಿಗೆ ಹೇಳಬ್ಯಾಡ್ರಿ ವೈನಿ” ಅಂದ. ಹೇಳೋ ವಿಚಾರ ನನಗೂ ಇರಲಿಲ್ಲ. ಕಲಬುರಗ್ಯಾಗ ಅದಾಳ ಅಂದ್ರ ಅವರು ಆ ಕ್ಷಣಕ್ಕೇ ಎತ್ತಿಬಿಡ್ತಿದ್ರು. ಕಲಬುರಗಿಲಿಂದ ನಮ್ಮೂರಿಗೆ ಗುಂಡಗುರ್ತಿ ದಾಟಬೇಕು, ಮಳಖೇಡ ದಾಟಬೇಕು, ಸೇಡಂ ದಾಟಬೇಕು. ಆಮ್ಯಾಲ ನಮ್ಮ ರಸ್ತಾ. ಮುದುಕಿ, ಒಬ್ಬಾಕಿ, ಬಸ್ಸಿನಾಗ. ಹೊತ್ತು ಮುಳುಗೋದ್ರೊಳಗ ಮಣ್ಣು ಕೊಡಬೇಕು. ಎರಡೂ ಕೂಡಂಗಿಲ್ಲ ಅಂತ ಯಾವ ಕೂಸಾದ್ರೂ ಹೇಳ್ತಿತ್ತು.

ಪಡಸಾಲಿಗೆ ಬಂದ ಕೂಡ್ಲೇ ಅಯ್ಯನೋರು ಕೇಳಿದ್ರು. “ಏನಂತವ್ವಾ? ಎಲ್ಲಿ ಬಂದಾಳ?”

“ಗುಂಡಗುರ್ತಿ ದಾಟ್ಯಾಳ್ರಿ” ಅಂದೆ.

ಬಾಯಿಂದ ಹಂಗೇ ಬಂತು. ಮಂದಿ ಎಲ್ಲಾ ಹಂಗೇ ಹೇಳ್ತಾರಲ್ಲ, ನಾನೂ ಹೇಳಿದೆ. ಅಯ್ಯನೋರು ಸೂರ್ಯನ ನೋಡಿದ್ರು. “ಹಂಗಾದ್ರ ಬರ್ತಾಳ. ಕುಂದ್ರಿ.” ಭಜನಿ ಮತ್ತ ಚಾಲೂ ಆತು.

ಒಂದಿಷ್ಟು ಹೊತ್ತು ಹೋತು. ಆ ಹೊತ್ತಿಗೆ ಆಕಿ ಕಲಬುರಗ್ಯಾಗ ಇನ್ನೂ ಬಸ್ಸು ಹತ್ತ್ಯಾಳೋ ಇಲ್ಲೋ. ಭಜನಿ ಮುದುಕನ ದನಿ ಕೂತಿತ್ತು, ತಾಳ ಅಷ್ಟೇ ಬಡೀತಿದ್ದ. ಕುಣಿ ತೋಡಿದವ್ರು ವಾಪಸ್ ಬಂದು ಅಂಗಳದಾಗ ಸಲಿಕಿ ಇಟ್ಟು ಬೀಡಿ ಹಚ್ಚಿದ್ರು. ಅವರಿಗೆ ಹಸಿವಿ ಆಗಿತ್ತು. ಹೆಣ ಎತ್ತದ ಯಾರೂ ಉಣ್ಣಂಗಿಲ್ಲ.

“ಎಲ್ಲಿ ಬಂದ್ಲು?”

“ಮಳಖೇಡ.”

“ಇನ್ನೂ ಮಳಖೇಡೇನು? ಎತ್ತಿನ ಗಾಡ್ಯಾಗ ಬರ್ಲಿಕತ್ತಾಳೇನು?” ಅಂದ ಬೀಡಿ ಸೇದಾಂವ ಒಬ್ಬ.

“ಶಹಾಬಾದ ಅಂದ್ರ ಭಾಳ ಆತೇಳು” ಅಂದ ಇನ್ನೊಬ್ಬ. “ನಮ್ಮ ಮಾವ ಸತ್ತಾಗ ಮುಂಬೈಲಿಂದ ಬಂದು ಮಣ್ಣು ಹಾಕಿ, ಹಲ್ಲು ತಿಕ್ಕೊಂಡು, ಉಪ್ಪಿಟ್ಟು ತಿಂದು ಕುಂತಿದ್ರು.”

ಮೈದುನ ನನ್ನ ಕಡಿ ನೋಡಿದ. ನಾ ಗೋಡಿ ಕಡಿ ನೋಡಿದೆ. ಗೋಡಿಗೆ ನನ್ನ ಗಂಡ ಇದ್ದ. ಬಾಯಿ ಜರಾ ತೆರದಿತ್ತು. ಈಬತ್ತಿ ಬೆವತು ಕೆಳಗ ಇಳದಿತ್ತು, ಅಂವ ಬೆವತಂಗ. ಹೆಂಗಸರು ಒರಸಿ ಮತ್ತ ಬಡದ್ರು. ಆ ಹೊತ್ತಿನಾಗ ನನಗ ಅಂವ ಗಂಡ ಅನಿಸಲಿಲ್ಲ. ಯಾರಿಗೋ ಮುಟ್ಟಿಸಬೇಕಾದ ಒಂದು ಸಾಮಾನು ನನ್ನ ಮನ್ಯಾಗ ಅದ, ಅವರು ಬರೋ ತನಕ ಕೆಡಬಾರದು, ಹಂಗನಿಸಿತು.

ಫೋನ್ ಮಾಡಿದೆ. ಹತ್ತಲಿಲ್ಲ. ಮತ್ತ ಮಾಡಿದೆ. ಹತ್ತಿತು, ಗಾಳಿ ಸದ್ದು ಬಂತು, ಕಡೀತು. ಬಸ್ಸಿನಾಗ ಅದಾಳ ಅಂತ ತಿಳಕೊಂಡೆ.

ಅಯ್ಯನೋರು ಎದ್ದು ನಿಂತ್ರು. “ನೋಡವ್ವಾ, ಇನ್ನ ಆಗೋದಿಲ್ಲ. ಹೊತ್ತು ಇಳದದ. ಹೊತ್ತಿದ್ದಾಗ ಒಯ್ರಿ. ಈ ಹೊತ್ತು ಮೀರಿದ್ರ ನಾಳಿಗೆ ಹೋಗ್ತದ. ನಾಳಿ ತನಕ ಈ ಶರೀರ ಇರಂಗಿಲ್ಲ. ನಿನಗ ಕಾಣ್ತದಲ್ಲ.”

ಕಾಣ್ತಿತ್ತು. ಮೂಗಿಗೂ ಗೊತ್ತಾಗ್ತಿತ್ತು.

“ಎಲ್ಲಿ ಅದಾಳ ಅಂತ ಖರೆ ಹೇಳು.”

“ಸೇಡಂ ದಾಟ್ಯಾಳ” ಅಂದೆ.

ಆಗ ಎಲ್ಲರಿಗೂ ಸಮಾಧಾನ ಆತು. ಸೇಡಂ ಅಂದ್ರ ಮಗ್ಗಲು. ಬೀಡಿ ಸೇದಾಂವ ಒಬ್ಬ ಮೋಟರ್‌ಸೈಕಲ್ ತಗೊಂಡು ರಸ್ತಾ ತನಕ ಹೋಗಿ ಆಕೀನ ಕೂಡಿಸಿಕೊಂಡು ಬರ್ತೀನಿ ಅಂತ ಹೋದ. ಹೆಂಗಸರು ಎದ್ದು ಸೀರಿ ಝಾಡಿಸಿಕೊಂಡ್ರು. ಇನ್ನೇನು ಬಂದ್ಲು ಅಂತ.

ನಾ ಅಲ್ಲಿ ತಪ್ಪು ಲೆಕ್ಕ ಹಾಕಿದ್ದೆ. ಗುಂಡಗುರ್ತಿಗೇ ಆಕೀನ ಇನ್ನೊಂದಿಷ್ಟು ಹೊತ್ತು ನಿಲ್ಲಿಸಿದ್ರ ನಡೀತಿತ್ತು. ಮಳಖೇಡದಾಗ ಬಸ್ಸು ಕೆಡಿಸಬಹುದಿತ್ತು. ನಾ ಲಗೂ ಲಗೂ ತಂದುಬಿಟ್ಟೆ. ಸೇಡಂ ಆದ ಮ್ಯಾಲ ನನ್ನ ಹತ್ರ ಊರು ಮುಗದುವು.

ರಸ್ತಾಕ್ಕ ಹೋದಂವ ತಿರುಗಿ ಬಂದ. ಒಬ್ಬಾಂವನೇ.

“ಯಾರೂ ಇಲ್ರಿ. ಎರಡು ಟಂಟಂ ಬಂದುವು, ಅದರಾಗ ಇಲ್ಲ. ಸೇಡಮ್ಮಿಂದ ಬಂದ ಡ್ರೈವರ್‌ನ ಕೇಳಿದೆ, ಅಂಥಾ ಮುದುಕಿ ಸ್ಟ್ಯಾಂಡಿನಾಗೂ ಇಲ್ಲಂತ. ಸೇಡಂ ದಾಟಿದಾಕಿ ಇಷ್ಟೊತ್ತಿಗೆ ಬಂದು, ಅತ್ತು, ಚಾ ಕುಡದು ಕುಂದ್ರತಿದ್ದಳು.”

ಎಲ್ಲರೂ ನನ್ನ ನೋಡಿದ್ರು. ಬಾಜು ಮನಿ ಮುದುಕಿ ಸೆರಗು ಬೀಸೋದು ನಿಲ್ಲಿಸಿದ್ಲು. ಕಲಬುರಗಿ ಅಂತ ಈಗ ಹೇಳಿದ್ರೂ ಅಷ್ಟೇ, ಬಿಟ್ರೂ ಅಷ್ಟೇ.

ಅಯ್ಯನೋರು ನನ್ನ ಬೈಯಲಿಲ್ಲ. “ಏಳ್ರಿ” ಅಂದ್ರು.

ಎತ್ತಿದ್ರು. ನಮ್ಮಲ್ಲಿ ಹೆಂಗಸರೂ ಕುಣಿ ತನಕ ಹೋಗ್ತಾರ. ನಾನೂ ಹೋದೆ. ಕುಂತವನ್ನ ಕುಂತಂಗೇ, ವಿಮಾನ ಅಂತ ಚಟ್ಟ ಕಟ್ಟಿ ಒಯ್ದ್ರು. ದಾರ್ಯಾಗ ನಾ ಎರಡು ಸರ್ತಿ ಹಿಂದ ತಿರುಗಿ ರಸ್ತಾ ನೋಡಿದೆ. ಬಾಜು ಮನಿ ಮುದುಕಿ ನನ್ನ ಗದ್ದ ಹಿಡದು ಮುಂದ ತಿರುಗಿಸಿದ್ಲು. “ಹಿಂದ ನೋಡಬಾರದವ್ವಾ, ಅಂವಗ ಹೋಗಲಿಕ್ಕೆ ಆಗಂಗಿಲ್ಲ.” ನಾ ಅಂವನ ಸಲುವಾಗಿ ತಿರುಗೀನಿ ಅಂತ ಆಕಿ ಅಂದ್ಕೊಂಡಿದ್ದಳು.

ಕುಣಿಯಾಗ ಇಳಿಸಿದ್ರು. ಕುಂದ್ರಿಸಿದ್ರು. ಉಪ್ಪು ಹಾಕಿದ್ರು, ಈಬತ್ತಿ ಹಾಕಿದ್ರು, ಪತ್ರಿ ಹಾಕಿದ್ರು. ಎದಿ ತನಕ ತುಂಬಿದಾಗ ನಾ, “ಮಾರಿ ಜರಾ ಹಂಗೇ ಇರಲಿ” ಅಂದೆ. ಅಯ್ಯನೋರು ಕೈ ತಡದ್ರು. ಎಲ್ಲರೂ ನಿಂತ್ರು. ಹಕ್ಕಿ ಗಿಡಕ್ಕ ಬರ್ಲಿಕತ್ತಿದ್ದುವು. ರಸ್ತಾ ಕಡಿಂದ ಒಂದು ಲಾರಿ ಸದ್ದು ಬಂತು, ಹೋತು. ಕುಣಿಯಾಗ ಇಳದವ್ರು ಕಾಲು ಬದಲಿ ಮಾಡಿ ನಿಂತ್ರು. ಬರೇ ಒಂದು ಮಾರಿ, ಬಿಳೀ ಉಪ್ಪಿನ ಮ್ಯಾಲ. ನಾ ನೋಡಿದೆ. ನೋಡಿದ್ರ ಏನಾರ ಆಗ್ತದೇನೋ ಅಂದ್ಕೊಂಡಿದ್ದೆ, ಆಗಲಿಲ್ಲ.

“ಸಾಕವ್ವಾ” ಅಂದ್ರು ಅಯ್ಯನೋರು.

“ಹಾಕ್ರಿ” ಅಂದೆ.

ಮಣ್ಣು ಎಳದ್ರು. ಎರಿ ಮಣ್ಣು, ದಪ್ಪ ದಪ್ಪ ಹೆಂಟಿ. ಗುಡ್ಡಿ ಹಾಕಿ, ಮ್ಯಾಲ ನೀರು ಹೊಯ್ದು ಕೈಲೆ ಬಡದ್ರು. ಒಬ್ಬಂವ ಎಲಿ ಬಾಯಾಗ ಹಾಕ್ಕೊಂಡು ಸುಣ್ಣ ಬೇಡಿದ. ಆ ಎಲಿ ಅಂವ ಇನ್ನೂ ಉಗುಳಿರಲಿಲ್ಲ, ಬದುವಿನ ಕಡಿಂದ ಟಂಟಂ ಬಂತು.

ದೊಡ್ಡಕ್ಕ ಇಳದಳು. ಒಂದು ಕೈಯಾಗ ಚಪ್ಪಲಿ, ಒಂದು ಕೈಯಾಗ ಚೀಲ. ಚೀಲದಾಗ ಏನಿತ್ತು ಅಂದ್ರ, ದವಾಖಾನ್ಯಾಗ ಬೇಕಾಗ್ತದಂತ ಒಂದು ಥರ್ಮಾಸು, ಒಂದು ಚಾದರ, ನಾಕು ಮೋಸಂಬಿ. ಮಂದಿ ಸರದು ಹಾದಿ ಬಿಟ್ರು. ಆಕಿ ಗುಡ್ಡಿ ತನಕ ಬಂದ್ಲು. ನಿಂತ್ಲು. ಅಳಲಿಲ್ಲ. ನನ್ನ ಕಡಿ ತಿರುಗಿದ್ಲು.

“ಈಗ ಮುಚ್ಚಿದ್ರೇನು?”

ಎಲ್ಲರೂ ಅಲ್ಲೇ ಇದ್ರು. ಅಯ್ಯನೋರ ಕೈಯಾಗ ಇನ್ನೂ ತಂಬಿಗಿ ಇತ್ತು.

“ಇಲ್ಲ” ಅಂದೆ. “ಭಾಳ ಹೊತ್ತಾತು. ಮಧ್ಯಾಹ್ನನೇ ಆತು.”

ಮೈದುನ ಕಾಲು ನೋಡ್ಕೋತ ನಿಂತ. ಬಾಜು ಮನಿ ಮುದುಕಿ ಬಾಯಿ ತೆರದ್ಲು. ನಾ ಆಕಿ ಕಡಿ ನೋಡಿದೆ. ಮುಚ್ಚಿದ್ಲು.

“ನಾ ಫೋನಿನಾಗ ಮಾತಾಡಿದಾಗ?” ಅಂದ್ಲು ದೊಡ್ಡಕ್ಕ.

“ಆಗಲೇ ಮಣ್ಣಾಗಿತ್ತು.”

“ಮತ್ತ ಕಾಯ್ತೀವಿ ಅಂದಿ.”

“ಅಂದೆ. ಎಲ್ಲರೂ ಅಂತಾರ.”

ಆಕಿ ಬಗ್ಗಿ ಗುಡ್ಡಿ ಮ್ಯಾಲಿಂದ ಒಂದು ಹಿಡಿ ಮಣ್ಣು ತಗೊಂಡ್ಲು. ಹಸಿ ಇತ್ತು. ಬೆರಳಿನ ಸಂದ್ಯಾಗಿಂದ ನೀರು ಇಳೀತು. ಅದನ್ನ ಒತ್ತಿ ಒತ್ತಿ ನೋಡಿದ್ಲು, ರೊಟ್ಟಿ ಹಿಟ್ಟು ನೋಡಿದಂಗ.

“ಮಧ್ಯಾಹ್ನ ನಾ ದವಾಖಾನಿ ಮುಂದ ಇದ್ದೆ” ಅಂದ್ಲು.

“ಹೂಂ.”

“ಹಂಗಾದ್ರ ಹ್ಯಾಂಗ ಬಂದಿದ್ರೂ ಆಗ್ತಿರಲಿಲ್ಲ.”

“ಆಗ್ತಿರಲಿಲ್ಲ.”

ಮಣ್ಣು ಗುಡ್ಡಿಗೇ ಮೆತ್ತಿ, ಕೈಲೆ ಸವರಿ, ಕುಂತ್ಲು. ಆಮ್ಯಾಲ ಅತ್ತಳು. ದನಿ ತಗದು ಅತ್ತಳು, ತಮ್ಮಾ ತಮ್ಮಾ ಅಂತ. ಮಂದಿಗೂ ಅಳಲಿಕ್ಕೆ ಅದೇ ಬೇಕಾಗಿತ್ತು, ಅವರೂ ಅತ್ತರು. ನಾ ಆಕಿ ಚಪ್ಪಲಿ ಎತ್ತಿ ಒಂದು ಕಡಿ ಇಟ್ಟೆ.

ಆಕಿಗೆ ಗೊತ್ತಿತ್ತೋ ಇಲ್ಲೋ, ನಾ ಕೇಳಲಿಲ್ಲ, ಆಕಿ ಹೇಳಲಿಲ್ಲ. ಊರಾಗ ಯಾರೂ ಆಕಿ ಮುಂದ ಬಾಯಿ ಬಿಡಲಿಲ್ಲ. ಬಿಡಬ್ಯಾಡ್ರಿ ಅಂತ ನಾ ಯಾರಿಗೂ ಹೇಳಿರಲಿಲ್ಲ. ಮೈದುನನೂ ಆಕಿ ಮುಂದ, “ಹೌದಕ್ಕಾ, ಮಧ್ಯಾಹ್ನನೇ, ಬಿಸಲು ಭಾಳ ಇತ್ತು” ಅಂದ. ಅವತ್ತಿನಾಗ ಅಂವ ಕೂಡಿಸಿದ ಮಾತಿನಾಗ ಅದೊಂದು ಕೆಲಸಕ್ಕ ಬಂತು. ಎಲಿ ಉಗುಳೋವಷ್ಟು ಹೊತ್ತಿನಾಗ ಮಾರಿ ತಪ್ಪಿತು ಅಂದ್ರ ಮನಸ್ಯಾ ಸಾಯೋ ತನಕ ಅದನ್ನೇ ಅಗೀತಾನ. ಯಾವಾಗೋ ತಪ್ಪಿತ್ತು ಅಂದ್ರ ಕುಂತು ಅಳಲಿಕ್ಕೆ ಆಗ್ತದ.

ಬಾಜು ಮನಿಯವ್ರು ಅನ್ನಾ ಸಾರು ತಂದು ಕೊಟ್ರು. ದೊಡ್ಡಕ್ಕ ಎರಡು ತುತ್ತು ಉಂಡು ಗೋಡಿ ಕಡಿ ಮಾರಿ ಮಾಡಿ ಮಕ್ಕೊಂಡ್ಲು. ಮೋಸಂಬಿ ಭಜನಿಯವ್ರಿಗೆ ಹಂಚಿದೆ.

ಮರುದಿನ ಮುಂಜಾನಿ ಎದ್ದು ಮಾಳಗಿ ಹತ್ತಿದೆ. ಒಣಗಲಿಕ್ಕೆ ಹರವಿದ್ದ ಮೆಣಸಿನಕಾಯಿ, ಮಂದಿ ಬರ್ತಾರಂತ ಯಾರೋ ಬಳದು ಚೀಲಕ್ಕ ತುಂಬಿಟ್ಟಿದ್ರು. ಸುರವಿದೆ. ತಳದಾಗಿನವು ಬೆವತಿದ್ದುವು. ಬಾಜು ಮನಿ ಮುದುಕಿ ಕೆಳಗಿಂದ ನೋಡಿ, “ಏ, ನಿನ್ನಿ ಗಂಡನ ಮಣ್ಣು ಮಾಡಿ ಇವತ್ತ ಮಾಳಗಿ ಹತ್ತೀದೇನ? ಮಂದಿ ಏನಂದಾರು?” ಅಂದ್ಲು. “ಬೂಸರ ಹಿಡೀತಾವ” ಅಂದೆ. ದೊಡ್ಡಕ್ಕ ಮೊಣಕಾಲು ಹಿಡಕೊಂಡು ಒಂದೊಂದೇ ಮೆಟ್ಟಲಾ ಹತ್ತಿ ಬಂದು, ನನ್ನ ಎದುರಿಗೆ ಕುಂತು, ತೊಟ್ಟು ಮುರೀಲಿಕತ್ತಳು. ನಾನೂ ಮುರದೆ. ಮುರದವು ಒಂದು ಕಡಿ, ಉಳದವು ಒಂದು ಕಡಿ ಮಾಡಿ, ಬಿಸಲು ಸುಡಲಿಕತ್ತಿದ ಮ್ಯಾಲ ಇಬ್ಬರೂ ಕೆಳಗ ಇಳದ್ವಿ.